ತಿದ್ದಿದ ಐದು ಮಾತು

ಕುಡಿತ ಬಿಟ್ಟಾಗಿನಿಂದ ದಿನಾ ಬೆಳಗ್ಗೆ ಹೇಳಿಕೊಳ್ಳುತ್ತಿದ್ದ ಐದು ಮಾತಿನಲ್ಲಿ ಮೂರನೆಯದಕ್ಕೆ ಬರುತ್ತಿದ್ದಂತೆ ಮುದಿಯಪ್ಪನ ನಾಲಿಗೆ ಇವತ್ತೂ ತಡೆಯಿತು. ಹಿತ್ತಲಿನ ಕಲ್ಲಿನ ಮೇಲೆ ಕೂತು, ಮೊಣಕಾಲ ಮೇಲೆ ಅಂಗೈ ಊರಿ, ಮೊದಲಿನ ಎರಡನ್ನು ಅವನು ಸಲೀಸಾಗಿ ಹೇಳಿ ಮುಗಿಸಿದ್ದ. ನನ್ನ ಬಲ ಎಷ್ಟೆಂದು ನನಗೇ ಇನ್ನೂ ಗೊತ್ತಿಲ್ಲ. ಬಿದ್ದವನು ನಾನು, ಏಳುವವನೂ ನಾನೇ. ಅಲ್ಲಿಗೆ ಸರಿ. ಮೂರನೆಯದು, ನನ್ನ ಖರೇ ಚಿತ್ತ ಯಾವುದೋ ಅದರಂತೆ ಆಗಲಿ ಎನ್ನುವುದು, ಗಂಟಲಿಗೆ ಬಂದು ನಿಂತುಬಿಡುತ್ತಿತ್ತು. ಅದರ ಬೆನ್ನಿಗೇ ಪಾದ್ರಿ ಕಲಿಸಿದ ಮೂಲದ ಮಾತು ಎದ್ದು ಬರುತ್ತಿತ್ತು: ನನ್ನ ಚಿತ್ತವಲ್ಲ, ನಿನ್ನ ಚಿತ್ತದಂತೆ ಆಗಲಿ. ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋದ ಇಬ್ಬರು ದಪ್ಪ ಮಂದಿಯ ಹಾಗೆ ಎರಡೂ ಸಿಕ್ಕಿಕೊಳ್ಳುತ್ತಿದ್ದವು. ಹನ್ನೊಂದು ತಿಂಗಳಿಂದ ಅವನ ತುಟಿಗೆ ಸಿಂದಿ ತಾಗಿರಲಿಲ್ಲ. ಕೈ ನಡುಗುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಿರಲಿಲ್ಲ, ಮಗ್ಗದ ಕುಣಿಯಲ್ಲಿ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಆದರೂ ದಿನಾ ಬೆಳಗ್ಗೆ ಈ ಮಾತಿನ ಹತ್ತಿರ ಬಂದಾಗ, ಕದ್ದ ಸಾಮಾನನ್ನು ತನ್ನದೆಂದು ಹೇಳುತ್ತಿರುವ ಅಳುಕು ಅವನಿಗೆ. ಒಳಗಿನಿಂದ ಹೆಂಡತಿ ಶೇಖವ್ವ ಕೂಗಿದಳು: “ಮುಗೀತೇನ್ರಿ ನಿಮ್ಮ ಮಂತ್ರ? ದೇವರ ಹೆಸರ ಇಲ್ಲದ್ದು, ಅದೆಂಥಾ ಮಂತ್ರನೋ ನಾ ಕಾಣೆ. ಲಗೂ ಹೋಗ್ರಿ, ಸಿದ್ದಲಿಂಗವ್ವಕ್ಕನ ಹಾಸು ಆಗಲೇ ಬೀದಿಗೆ ಬಂದೈತಿ.” ಅವನು ಉಳಿದೆರಡನ್ನು ಗಡಬಡಿಸಿ ಹೇಳಿ ಎದ್ದ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಸೀರೆಯ ಹಾಸುನೂಲಿಗೆ ಗಂಜಿ ಹಾಕುವುದು ಒಬ್ಬರ ಕೈಯ ಕೆಲಸವಲ್ಲ. ಬಿಸಿಲೇರುವ ಮುಂಚೆ ಬೀದಿಯುದ್ದಕ್ಕೂ ನೂಲನ್ನು ಗೂಟಕ್ಕೆ ಬಿಗಿದು ಹರಡಬೇಕು, ಗಂಜಿ ಸವರಬೇಕು, ಆಮೇಲೆ ಆ ಬದಿಗೊಬ್ಬ ಈ ಬದಿಗೊಬ್ಬ ದೊಡ್ಡ ಕುಂಚ ಹಿಡಿದು ಒಂದೇ ಹೆಜ್ಜೆಯಲ್ಲಿ ತುದಿಯಿಂದ ತುದಿಗೆ ತೀಡುತ್ತ ಹೋಗಬೇಕು. ನೂಲು ಒಣಗುವ ತನಕ ನಿಲ್ಲುವಂತಿಲ್ಲ. ನಿಂತರೆ ಎಳೆಗೆ ಎಳೆ ಅಂಟಿಕೊಂಡು ಹಾಸು ಹಾಳು. ಎರಡು ವರ್ಷದ ಹಿಂದೆ, ಇದೇ ಸಿದ್ದಲಿಂಗವ್ವನ ಹಾಸಿನ ನಡುಮಧ್ಯೆ ಮುದಿಯಪ್ಪ ಕುಂಚ ನೆಲಕ್ಕಿಟ್ಟು, ಈಗ ಬಂದೆ ಎಂದು ಹೋದವನು ಕುಂಪಣಿ ಸರಕಾರದ ಗುತ್ತಿಗೆಯ ಸಿಂದಿ ಅಂಗಡಿಯಲ್ಲಿ ಹೊತ್ತು ಮುಳುಗುವ ತನಕ ಕೂತಿದ್ದ. ಗಂಡ ಸತ್ತ ಹೆಂಗಸು, ಎರಡು ಮಗ್ಗ ಅವಳ ಜೀವ. ಅವಳು ಬೈದಿದ್ದರೆ ಅವನಿಗೆ ಬದುಕಲು ಸುಲಭವಾಗುತ್ತಿತ್ತು. ಬೈಯಲಿಲ್ಲ. ಅಂಟಿದ ನೂಲನ್ನು ನೀರಲ್ಲಿ ನೆನೆಸಿ, ಹೊಸ್ತಿಲ ಮೇಲೆ ಕೂತು, ಉಗುರಿನಿಂದ ಎಳೆಎಳೆ ಬಿಡಿಸುತ್ತ ಎಷ್ಟೋ ದಿನ ಕಳೆದಳು. ಅವನು ಆ ದಾರಿಯಲ್ಲಿ ಹಾಯ್ದಾಗ ತಲೆ ಎತ್ತಲಿಲ್ಲ. ಆಮೇಲೆ ಓಣಿಯವರು ಅವನನ್ನು ಮದುವೆಗೆ ಕರೆದರು, ತೊಟ್ಟಿಲಿಗೆ ಕರೆದರು, ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದರು. ಕುಂಚಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಅವನು ಕುಡಿಯುವುದನ್ನು ಬಿಟ್ಟಮೇಲೂ ಕರೆಯಲಿಲ್ಲ. ನಿನ್ನೆ ಸಂಜೆ ಸಿದ್ದಲಿಂಗವ್ವನೇ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಳ್ಳುತ್ತ, “ನಾಳೆ ಕುಂಚ ನೀನ ಹಿಡಿ, ಮುದಿಯಪ್ಪಾ,” ಎಂದು ಹೇಳಿ ಹೋದಾಗ ಅವನಿಗೆ ಅಳು ಬಂದಿತ್ತು. ಈ ಓಣಿಯಲ್ಲಿ ಮತ್ತೆ ಮನುಷ್ಯನಾಗುವುದೆಂದರೆ ಅವನ ಲೆಕ್ಕಕ್ಕೆ ಅದೊಂದೇ ಆಗಿತ್ತು.

ಆ ಐದು ಮಾತು ಅವನಿಗೆ ಸಿಕ್ಕದ್ದು ನರೇಗಲ್ಲಿನ ಸಂತೆಯಲ್ಲಿ. ಸೀರೆ ಮಾರಲು ಹೋದವನು ಬೇವಿನ ಮರದ ಕೆಳಗೆ ವಾಂತಿ ಮಾಡಿಕೊಂಡು ಬಿದ್ದಿದ್ದ. ಪಕ್ಕದಲ್ಲಿ ಅವನಷ್ಟೇ ಅಂದವಾಗಿ ಬಿದ್ದಿದ್ದವನು ಜಂಗ್ಲಿಸಾಬ. ಓಣಿಯ ನೂಲಿಗೆಲ್ಲ ನೀಲಿ ಬಣ್ಣ ಹಾಕುವವನು, ಮೊಣಕೈ ತನಕ ನೀಲಿಯಾದ ಕೈಗಳವನು, ಮುದಿಯಪ್ಪನ ಕುಡಿತದ ಜೊತೆಗಾರ. ಆ ಸಂತೆಗೆ ಬೋಧನೆ ಮಾಡಲು ಬರುತ್ತಿದ್ದ ಪಾದ್ರಿ ಚಕ್ಕಡಿಯಿಂದ ಇಳಿದು ಬಂದು ಇಬ್ಬರ ಮುಖಕ್ಕೂ ತಾನೇ ನೀರು ಚಿಮುಕಿಸಿದ. ಅವನ ಕನ್ನಡ ಮಡಿ ಉಟ್ಟುಕೊಂಡ ಕನ್ನಡ, ಒಂದು ಅಕ್ಷರವನ್ನೂ ನುಂಗುತ್ತಿರಲಿಲ್ಲ. ಐದು ಮಾತು ಹೇಳಿಕೊಟ್ಟ. ನಾನು ಬಲಹೀನನು, ಕುಡಿತದ ಮುಂದೆ ನನ್ನಿಂದ ಏನೂ ಆಗದು. ನನಗಿಂತ ದೊಡ್ಡವನು ನನ್ನನ್ನು ಎತ್ತುವನು. ನನ್ನ ಚಿತ್ತವಲ್ಲ, ನಿನ್ನ ಚಿತ್ತದಂತೆ ಆಗಲಿ. ನಾನು ಕೆಡಿಸಿದ್ದನ್ನು ನನಗೆ ತೋರಿಸು. ಈ ಒಂದು ದಿನದ ಮಟ್ಟಿಗೆ ನನ್ನನ್ನು ಕಾಯಿ. ಬೆಳಗ್ಗೆ ಎದ್ದಕೂಡಲೇ ಹೇಳಿರಿ, ಯೇಸುವಿನ ಹೆಸರಿನಲ್ಲಿ ಹೇಳಿರಿ, ಎಂದ. ನಾಲ್ಕು ಸಂತೆ ಬಿಡದೆ ಹೋಗಿ ಕಲಿತರು. ಜಂಗ್ಲಿಸಾಬನಿಗೆ ಏನೂ ತೊಡಕಾಗಲಿಲ್ಲ. ಯೇಸು ಇದ್ದಲ್ಲಿ ಅಲ್ಲಾ ಎಂದ, ಅಷ್ಟೇ. ಮೊಣಕಾಲೂರಿ ಕೂತು ಹಣೆ ನೆಲಕ್ಕೆ ಹಚ್ಚಿ, ನನ್ನಿಂದ ಏನೂ ಆಗದು ಎಂದಾಗ ಅವನ ಮುಖದಲ್ಲಿ ಹೊರೆ ಇಳಿಸಿದ ಕೂಲಿಯವನ ನೆಮ್ಮದಿ ಇರುತ್ತಿತ್ತು. ಕುಡಿತ ಬಿಟ್ಟೇಬಿಟ್ಟ. ಮುದಿಯಪ್ಪನಿಗೆ ಹಾಗಾಗಲಿಲ್ಲ. ಬಲಹೀನ ಎಂದಕೂಡಲೇ, ಏನೂ ಆಗದು ಎಂದಮೇಲೆ ಕುಡಿದರೇನು ಎಂದು ಒಳಗೊಬ್ಬ ವಕೀಲ ಎದ್ದು ನಿಲ್ಲುತ್ತಿದ್ದ. ಒಂದು ತಿಂಗಳು ಬಿಟ್ಟ, ಮತ್ತೆ ಕುಡಿದ. ಎರಡು ವಾರ ಬಿಟ್ಟ, ಮತ್ತೆ ಕುಡಿದ. ಮೇಲಾಗಿ ಓಣಿಯ ಹುಡುಗರು ಅವನನ್ನು ಕಂಡರೆ ಎರಡು ಬೆರಳು ಅಡ್ಡ ಹಿಡಿದು ಕಿರಿಸ್ತಾನ ಮುದಿಯಪ್ಪ ಎಂದು ನಗಲು ಶುರುಮಾಡಿದ್ದರು. ತಾನು ಆ ಮಾತುಗಳನ್ನು ತಿದ್ದಿದ್ದು ಅವು ತನಗೆ ಒಗ್ಗಲಿಲ್ಲವೆಂದೋ, ಈ ನಗೆಗೆ ಹೆದರಿಯೋ? ಕೇಳಿಕೊಂಡಾಗಲೆಲ್ಲ ಅವನ ಮೈ ಬಿಸಿಯಾಗುತ್ತಿತ್ತು.

ಬೀದಿಯಲ್ಲಿ ಹಾಸು ಬಿಗಿದಿತ್ತು. ಗೂಟದ ಹತ್ತಿರ ನಾಲ್ಕು ಜನ, ಗಂಜಿಯ ಗಡಿಗೆ, ಹಸಿ ಜೋಳದ ಹಿಟ್ಟಿನ ವಾಸನೆ. ನರಗುಂದದ ಕಡೆ ಕುಂಪಣಿಯವರು ಮನೆಮನೆ ಹೊಕ್ಕು ಕತ್ತಿ ಕೋವಿ ಕೇಳುತ್ತಿದ್ದಾರಂತೆ ಎಂದು ಯಾರೋ ಹೇಳುತ್ತಿದ್ದರು, ಮುದಿಯಪ್ಪ ಬರುತ್ತಲೇ ಎಲ್ಲರೂ ಅವನತ್ತ ತಿರುಗಿದರು. ಓಣಿಯ ಹಿರಿಯ ಅಜ್ಜಪ್ಪ ಎದುರು ಬದಿಯ ಕುಂಚ ಹಿಡಿಯುವವನು. ಅವನು ಹತ್ತಿರ ಬಂದು, ಎಲ್ಲರೂ ನೋಡುತ್ತಿದ್ದ ಹಾಗೆ, “ಬಾಯಿ ತೆರಿ,” ಎಂದ. ನಲವತ್ತಾರು ವರ್ಷದ ಮುದಿಯಪ್ಪ ಬಾಯಿ ತೆರೆದ. ಅಜ್ಜಪ್ಪ ಮೂಗನ್ನು ಅವನ ತುಟಿಯ ತನಕ ತಂದು ಮೂಸಿದ. “ಉಳ್ಳಾಗಡ್ಡಿ ತಿಂದೀ. ಹಿಡಿ,” ಎಂದು ಕುಂಚ ಕೈಗಿತ್ತ. ಯಾರೋ ಕಿಸಕ್ಕೆಂದರು. ಸಿದ್ದಲಿಂಗವ್ವ ಹೊಸ್ತಿಲಲ್ಲಿ ನಿಂತು ಬೇರೆ ಕಡೆ ನೋಡುತ್ತಿದ್ದಳು, ಅದಕ್ಕಾಗಿ ಅವನು ಅವಳಿಗೆ ಮನಸ್ಸಿನಲ್ಲೇ ಕೈಮುಗಿದ. ಮೊದಲ ಎಳೆತ ತಪ್ಪಿತು, ಎರಡನೆಯದಕ್ಕೆ ಅಜ್ಜಪ್ಪನ ಹೆಜ್ಜೆ ಸಿಕ್ಕಿತು. ಆಮೇಲೆ ಕೈ ತಾನಾಗಿ ನಡೆಯಿತು. ಕುಂಚದ ಕೂದಲ ಕೆಳಗೆ ನೂರಾರು ಎಳೆ ಬೇರೆಬೇರೆಯಾಗಿ ಹರಿಯುವುದು ಅಂಗೈಗೆ ತಿಳಿಯುತ್ತಿತ್ತು. ಎಷ್ಟು ದಿನವಾಗಿತ್ತು. ಅವನಿಗೆ ಸುಖವಾಯಿತು, ಸುಳ್ಳೇಕೆ ಹೇಳಬೇಕು.

ಚೌಡವ್ವ ಹೇಳಿದ್ದು ಇದನ್ನೇ ಇರಬೇಕು. ಕಾಲಕಾಲೇಶ್ವರನ ಗುಡ್ಡದ ಕೆಳಗೆ ಆಡು ಕಾಯುತ್ತಿದ್ದ ಆ ಮುದುಕಿಯ ಕಾಲಿಗೆ ಊರಿನ ಅರ್ಧ ಮಂದಿ ಬೀಳುತ್ತಿದ್ದರು, ಉಳಿದರ್ಧ ಅವಳನ್ನು ಕಂಡರೆ ದಾರಿ ಬಿಡುತ್ತಿದ್ದರು. ಯಾವ ಮಠಕ್ಕೂ ನಡೆದುಕೊಂಡವಳಲ್ಲ, ಯಾವ ವಾರವನ್ನೂ ಹಿಡಿದವಳಲ್ಲ. ಕುಡಿದು ಗುಡ್ಡಕ್ಕೆ ಹೋಗಿದ್ದ ಅವನನ್ನು ಅವಳು ಬಂಡೆಯ ನೆರಳಲ್ಲಿ ಕೂರಿಸಿಕೊಂಡು, ಹೇನು ಹೆಕ್ಕುವಷ್ಟು ನಿಧಾನವಾಗಿ ಮಾತಾಡಿದ್ದಳು. “ಮಂದಿ ಮಾಡ್ತಾರಂತ ಮಾಡಬ್ಯಾಡ, ಬ್ಯಾಡಂತಾರಂತ ಬಿಡಬ್ಯಾಡ. ನಿನಗ ಏನು ಬೇಕಾಗೈತಿ, ತಳ ಮುಟ್ಟಿ ನೋಡು. ಮ್ಯಾಲ ತೇಲೂದು ಚಟ. ತಳದಾಗ ಕುಂತದ್ದು ನಿನ್ನ ಚಿತ್ತ. ಅದು ಸಿಕ್ಕಮ್ಯಾಲ ಅದೊಂದನ್ನ ಮಾಡು, ಬ್ಯಾರೆ ನೇಮ ಇಲ್ಲ ನಿನಗ.” ನನ್ನ ಚಿತ್ತ ಕುಡಿ ಅಂತೈತಬೇ, ಎಂದು ಅವನು ಉಡಾಫೆಯಿಂದ ಹೇಳಿದಾಗ ಅವಳು ನಕ್ಕಿದ್ದಳು. “ಕುಡದು ಮಾಡೂದೇನೈತಿ, ಅದನ್ನ ಕೇಳು ಅದಕ್ಕ.” ಅವನು ಕೇಳಿದ. ಒಂದು ವಾರ ಗುಡ್ಡದಲ್ಲೇ ಇದ್ದು, ನಡುಗುತ್ತ, ಬೆವರುತ್ತ ಕೇಳಿದ. ತಳದಲ್ಲಿ ಇದ್ದದ್ದು ಮಗ್ಗ. ಬೇರೇನೂ ಇರಲಿಲ್ಲ. ಆ ಗುಡ್ಡದಲ್ಲೇ ಕೂತು ಪಾದ್ರಿಯ ಮಾತುಗಳನ್ನು ಒಂದೊಂದಾಗಿ ತಿರುವಿ ಹಾಕಿದ. ಎತ್ತುವನು ಎನ್ನುವಲ್ಲಿ ಏಳುವವನು ಬಂತು, ನಿನ್ನ ಎನ್ನುವಲ್ಲಿ ನನ್ನ ಬಂತು. ಇಳಿದು ಬರುವಾಗ ಚೌಡವ್ವ ಹಿಂದಿನಿಂದ, “ನಿಂದು ನಿನಗಷ್ಟ, ತಮ್ಮಾ. ನನ್ನ ನಲವತ್ತು ಆಡಿನ್ಯಾಗ ಒಂದರ ದಾರಿ ಇನ್ನೊಂದು ತುಳಿಯೂದಿಲ್ಲ,” ಎಂದಿದ್ದಳು. ಆಗ ಅದನ್ನು ಮುದುಕಿಯ ಆಡಿನ ಸಡಗರ ಎಂದುಕೊಂಡಿದ್ದ.

ಹದಿನೈದು ದಿನದ ಹಿಂದೆ ಅವನು ಜಂಗ್ಲಿಸಾಬನ ಮನೆಯಂಗಳದಲ್ಲಿ ಕೂತಿದ್ದ. ಜಂಗ್ಲಿಸಾಬ ಎಂದಿನಂತೆ ಹಣೆ ನೆಲಕ್ಕೆ ಹಚ್ಚಿ ಐದು ಮಾತು ಹೇಳಿ ಎದ್ದ. ಅದನ್ನು ನೋಡಿ ಮುದಿಯಪ್ಪನಿಗೆ ಏನಾಯಿತೋ. ಹೊಟ್ಟೆಕಿಚ್ಚು ಎಂದು ಈಗ, ಕುಂಚ ಎಳೆಯುತ್ತ, ಅವನಿಗೆ ಹೊಳೆಯಿತು. ಅಷ್ಟು ಸುಲಭವಾಗಿ ತಲೆ ಬಾಗಿಸಿ ಅಷ್ಟು ಸುಲಭವಾಗಿ ಗೆದ್ದವನ ಮೇಲೆ ಹೊಟ್ಟೆಕಿಚ್ಚು. ಆಗ ಮಾತ್ರ ಅವನು ಗುರುವಿನ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. “ಇದೆಲ್ಲಾ ಸುಳ್ಳೋ ಜಂಗ್ಲಿ. ಯಾರೂ ಎತ್ತೂದಿಲ್ಲ. ದಿನಾ ನನ್ನಿಂದ ಏನೂ ಆಗಂಗಿಲ್ಲ ಅಂತೀಯಲ್ಲ, ನಾಚಿಕಿ ಬರೂದಿಲ್ಲೇನು? ಕುಡಿಯೂದು ಬಿಟ್ಟಾವ ನೀನ. ಬ್ಯಾರೆ ಯಾರೂ ಅಲ್ಲ.” ಜಂಗ್ಲಿಸಾಬ ನಿಧಾನದ ಮನುಷ್ಯ, ಗೆಳೆಯನ ಮಾತನ್ನು ಮೀರಿ ಗೊತ್ತಿಲ್ಲದವನು. ತಿದ್ದಿದ ಐದು ಮಾತನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿಕೊಂಡ. ಆಮೇಲೆ ಮುದಿಯಪ್ಪ ಆ ಕಡೆ ಹೋಗಿರಲಿಲ್ಲ. ಹೋಗಲು ಪುರುಸೊತ್ತಾಗಲಿಲ್ಲ ಎಂದುಕೊಂಡಿದ್ದ.

ಬಿಸಿಲು ಮಾಳಿಗೆಯ ಅಂಚಿಗೆ ಬಂದಿತ್ತು, ನೂಲು ಅರ್ಧ ಒಣಗಿತ್ತು. ಆಗ ಓಣಿಯ ತುದಿಯಲ್ಲಿ ಜಂಗ್ಲಿಸಾಬನ ಹೆಂಡತಿ ಲಾಲಬಿ ಬಂದು ನಿಂತಳು. ತಲೆಯ ಮೇಲಿನ ಸೆರಗನ್ನು ಎದೆಯ ತನಕ ಎಳೆದು, ಎರಡೂ ಕೈಯನ್ನು ಅದರೊಳಗೆ ಮುಚ್ಚಿಕೊಂಡಿದ್ದಳು. “ಮುದಿಯಪ್ಪಣ್ಣಾರ, ಒಂದೀಟ ಬರ್ರಿ,” ಎಂದಳು. “ಏನಬೇ, ಏನಾತು?” ಎಂದು ಅಜ್ಜಪ್ಪ ಕೇಳಿದ್ದಕ್ಕೆ, “ಏನಿಲ್ರಿ ಯಜ್ಜಾ, ಬಣ್ಣದ ಹರವಿ ಸರಿಸಬೇಕಾಗಿತ್ತು, ಅವರ ಒಬ್ಬರ ಕೈಲೆ ಆಗವಲ್ದು,” ಎಂದಳು. ಹರವಿ ಸರಿಸಾಕ ಕುಂಚ ಹಿಡದಾವನ ಬೇಕೇನು ಎಂದು ಯಾರೋ ನಕ್ಕರು. ಮುದಿಯಪ್ಪ ಆ ತುದಿಗೆ ಕುಂಚ ತೀಡುತ್ತ ಹೋದವನು ಅವಳ ಮುಂದೆ ಒಂದು ಗಳಿಗೆ ಹಾಯ್ದ. ಅಷ್ಟರಲ್ಲೇ ಅವಳು ಸೆರಗನ್ನು ಚೂರು ಸರಿಸಿ ಕೈ ತೋರಿಸಿದಳು. ಮೊಣಕೈ ತನಕ ನೀಲಿ. ಆ ಮನೆತನದಲ್ಲಿ ಹೆಂಗಸರು ನೀಲಿ ಕದಡುವ ದೊಡ್ಡ ಮಣ್ಣಿನ ಹರವಿಯ ಹತ್ತಿರ ಸುಳಿಯುವಂತಿಲ್ಲ. ಸುಳಿದರೆ ಬಣ್ಣ ಮುನಿಯುತ್ತದೆ ಎಂದು ಅವಳ ಅತ್ತೆಯ ಅತ್ತೆಯ ಕಾಲದಿಂದ ನಂಬಿಕೆ. ಲಾಲಬಿ ಹರವಿಗೆ ಕೈ ಇಳಿಸಿದ್ದಾಳೆಂದರೆ ಜಂಗ್ಲಿಸಾಬನ ಕೈ ಇಳಿಯುತ್ತಿಲ್ಲ. ಅವಳು ಉಸಿರಿನಲ್ಲೇ ಹೇಳಿದಳು: “ಮತ್ತ ಕುಡ್ಯಾಕ ಹತ್ತಿ ನಾಕು ದಿನ ಆತು. ಮುಂಜಾನೆ ರಕ್ತ ಕಾರಿಕೊಂಡ್ರು.”

ಅವನು ತಿರುಗಿ ಈ ತುದಿಗೆ ಬಂದ, ಮತ್ತೆ ಆ ತುದಿಗೆ ಹೋದ. ಕುಂಚ ನಡೆಯುತ್ತಿತ್ತು. ಹೇಳಿಬಿಡಬಹುದಿತ್ತು. ಜಂಗ್ಲಿ ಮತ್ತೆ ಕುಡಿದಾನ, ಸಾಯಾಕ ಬಿದ್ದಾನ, ನಾ ಹೋಗಿ ಬರ್ತೀನಿ ಎನ್ನಬಹುದಿತ್ತು. ಆದರೆ ಜಂಗ್ಲಿಸಾಬ ಇನ್ನೊಂದು ಸಲ ಕುಡಿದರೆ ನೂಲನ್ನೆಲ್ಲ ರೋಣದ ಬಣ್ಣದವನಿಗೆ ಒಯ್ಯುವುದೆಂದು ಇದೇ ಅಜ್ಜಪ್ಪ, ಇದೇ ಬೀದಿಯಲ್ಲಿ, ಎಲ್ಲರ ಎದುರು ಹೇಳಿದ್ದ. ಲಾಲಬಿ ಕೈ ಮುಚ್ಚಿಕೊಂಡದ್ದು ಅದಕ್ಕೇ. ಇನ್ನು ಅರ್ಧ ತಾಸು ತೀಡಿದರೆ ನೂಲು ಒಣಗುತ್ತದೆ, ಅರ್ಧ ತಾಸಿನಲ್ಲಿ ಏನಾಗಿಬಿಡುತ್ತದೆ ಎಂದು ಅವನ ಒಳಗಿನ ವಕೀಲ ಕೇಳಿದ. ನಾಲ್ಕು ಹೆಜ್ಜೆ ಆ ಮಾತನ್ನು ಕೇಳಿಸಿಕೊಂಡ. ರಕ್ತ ಕಾರಿದವನಿಗೆ ಅರ್ಧ ತಾಸು ಎಷ್ಟು ಉದ್ದವೆಂದು ಐದನೆಯ ಹೆಜ್ಜೆಗೆ ನೆನಪಾಯಿತು. ಅವನು ನಿಂತ. ಕುಂಚವನ್ನು ನೆಲಕ್ಕಿಡಲಿಲ್ಲ, ಹೊಸ್ತಿಲ ತನಕ ಓಡಿ ಸಿದ್ದಲಿಂಗವ್ವನ ಕೈಗೆ ತುರುಕಿ, “ಅಕ್ಕಾರ, ನೀವ ಹಿಡೀರಿ,” ಎಂದ. ಹೆಂಗಸು ಬೀದಿಯಲ್ಲಿ ಕುಂಚ ಹಿಡಿದದ್ದನ್ನು ಆ ಓಣಿ ಕಂಡಿರಲಿಲ್ಲ. ಅವಳು ಅವನ ಮುಖವನ್ನು ನೋಡಿದಳು, ಎರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದಳು. ನಂಬಿ ಕೆಟ್ಟೆನಲ್ಲಾ ಎಂಬುದೊಂದೇ ಆ ನೋಟದಲ್ಲಿತ್ತು. ಕಚ್ಚೆ ಬಿಗಿದು ಹಾಸಿನ ಬದಿಗೆ ಇಳಿದಳು. ಹಿಂದಿನಿಂದ ಅಜ್ಜಪ್ಪ ಒದರಿದ: “ಹ್ವಾದ ನೋಡ್ರಿ, ಹ್ವಾದ! ಎಳಕೊಂಡು ಹೋತು ಸಿಂದಿ ಗಡಿಗಿ! ಇನ್ನ ಈ ಓಣ್ಯಾಗ ಯಾರ ಹಾಸಿಗೂ ಕೈ ಹಚ್ಚಬ್ಯಾಡ ಹೋಗು!” ಮುದಿಯಪ್ಪನ ಕಿವಿ ಸುಟ್ಟವು. ತಿರುಗಿ ನಿಂತು ಬಾಯಿ ತೆರೆದು ತೋರಿಸಬೇಕೆನಿಸಿತು, ಮೂಸ್ರಿ ಎನ್ನಬೇಕೆನಿಸಿತು. ಲಾಲಬಿ ಮುಂದೆ ಹೋಗುತ್ತಿದ್ದಳು, ಅವನು ಹಿಂದೆ ನಡೆದ.

ಜಂಗ್ಲಿಸಾಬ ಒಳಮನೆಯ ಗೋಡೆಗೆ ಒರಗಿ ಕೂತಿದ್ದ. ಅಂಗಿಯ ಮುಂದೆ ರಕ್ತ ಒಣಗಿ ಕಪ್ಪಾಗಿತ್ತು, ತೊಡೆಯ ಸಂದಿಯಲ್ಲಿ ಗಡಿಗೆ ಇತ್ತು, ಅದರ ಕಂಠವನ್ನು ಎರಡೂ ನೀಲಿ ಕೈಯಿಂದ ಹಿಡಿದಿದ್ದ. ಮುದಿಯಪ್ಪನನ್ನು ಕಂಡು ಅವನಿಗೆ ಖುಷಿಯಾಯಿತು, ಅದನ್ನೇ ಮುದಿಯಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. “ಬಾ ಬಾ. ನೀ ಹೇಳಿದ್ದನ್ನ ಒಂದು ದಿನಾನೂ ತಪ್ಪಿಸಿಲ್ಲ ನೋಡು. ತಳ ಮುಟ್ಟಿ ನೋಡಿದೆ. ನನ್ನ ತಳದಾಗ ಏನೂ ಇಲ್ಲೋ ಮುದಿಯಪ್ಪಾ. ಇದೊಂದ ಐತಿ.” ಗಡಿಗೆಯನ್ನು ತಟ್ಟಿದ. ಮುದಿಯಪ್ಪ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಬ್ಯಾಡ, ಹಳೇ ಮಾತ ಅನ್ನು, ಅಲ್ಲಾನ ಹೆಸರಿಲೆ ಅಂತಿದ್ದೆಲ್ಲ ಅದನ್ನ ಅನ್ನು ಎಂದ. ಜಂಗ್ಲಿಸಾಬ ಮೆಲ್ಲಗೆ ತಲೆಯಾಡಿಸಿದ. “ಅದು ಸುಳ್ಳು ಅಂದ್ಯಲ್ಲಾ. ಸುಳ್ಳಂತ ಗೊತ್ತಾದ ಮ್ಯಾಲ ಹ್ಯಾಂಗ ಅನ್ನಲಿ? ನಿನ್ನೆ ಅಂದು ನೋಡಿದೆ. ಯಾರೂ ಇದ್ದಿದ್ದಿಲ್ಲ ಅಲ್ಲೆ.” ಬಾಗಿಲಲ್ಲಿ ನಿಂತಿದ್ದ ಲಾಲಬಿ ಸಿಡಿದಳು: “ಅಣ್ಣಾರ, ನಿಮ್ಮದು ನಿಮಗ ಛಲೋ ಇದ್ದೀತು. ಇವರದನ್ನ ಯಾಕ ಕಸಗೊಂಡ್ರಿ? ಓದು ಬರಿ ಇಲ್ಲದ ಮನಷ್ಯಾ, ಒಂದು ಆಸರ ಹಿಡಕೊಂಡು ನಿಂತಿದ್ದ. ಅದನ್ನ ವಾಪಸ್ ಕೊಡ್ರಿ, ಅಷ್ಟ ಸಾಕು ನನಗ.”

ಕೊಡುವುದು ಹೇಗೆ? ಮುದಿಯಪ್ಪ ಗೆಳೆಯನ ಮುಖ ನೋಡಿದ. ಗುಡ್ಡದಲ್ಲಿ ಬೆವರಿ ಬೆವರಿ ಹುಡುಕಿಕೊಂಡದ್ದೊಂದೇ ಅವನದಾಗಿತ್ತು, ಅದನ್ನು ಬೇರೆಯವರ ಮೈಗೆ ತೊಡಿಸಲು ಹೋಗಿ ಹೀಗಾಗಿತ್ತು. ಈಗ ಬಿಟ್ಟುಕೊಡಬಹುದಾದದ್ದೂ ಅದೊಂದೇ. “ನಾ ಸುಳ್ಳು ಹೇಳಿದ್ದೆ, ಜಂಗ್ಲಿ,” ಎಂದ. ದನಿ ತನ್ನದಲ್ಲವೆನ್ನಿಸಿತು. “ನಿನ್ನ ಮುಂದ ದೊಡ್ಡಸ್ತನ ಮೆರಿಯಾಕ ಹೇಳಿದೆ. ತಿದ್ದಿದ ಮಾತು, ಚೌಡವ್ವ, ಎಲ್ಲಾ ಬರೇ ಗಾಳಿ. ಹನ್ನೊಂದು ತಿಂಗಳ ನಾ ದಿನಾ ಅಂದದ್ದು ಪಾದ್ರಿ ಮಾತನ್ನ. ಹಿತ್ತಲದಾಗ, ಕದ್ದು. ಮಂದಿ ನಗತಾರಂತ ಬಾಯಿ ಬಿಡಲಿಲ್ಲ.” ಜಂಗ್ಲಿಸಾಬನ ಮಂಜುಗಣ್ಣು ಅವನ ಮೇಲೆ ನೆಟ್ಟಿತು. “ಖರೇ?” “ಖರೇನ.” “ಲಿಂಗ ಮುಟ್ಟಿ ಹೇಳು.” ಮುದಿಯಪ್ಪ ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿದ. “ಖರೇನ.” ಜನ್ಮದಲ್ಲಿ ಅಂಥ ಸುಳ್ಳನ್ನು ಅವನು ಹೇಳಿರಲಿಲ್ಲ. “ಹಂಗಾರ ನೀ ಮೊದಲ ಅನ್ನು,” ಎಂದ ಜಂಗ್ಲಿಸಾಬ, ಚಿಕ್ಕ ಕೂಸಿನ ಹಟದಲ್ಲಿ. ಮುದಿಯಪ್ಪ ಮೊಣಕಾಲೂರಿದ. ನಾನು ಬಲಹೀನನು, ಕುಡಿತದ ಮುಂದೆ ನನ್ನಿಂದ ಏನೂ ಆಗದು. ಹನ್ನೊಂದು ತಿಂಗಳ ಮೇಲೆ ಆ ಮಾತು ಬಾಯಿಗೆ ಬಂದಿತ್ತು. ಒಳಗಿನ ವಕೀಲ ಹಳೆಯ ಹಾಗೇ ಎದ್ದು ನಿಂತ. ಜಂಗ್ಲಿಸಾಬ ಅವನ ಮಾತಿನ ಹಿಂದೆಯೇ ತೊದಲುತ್ತ ಹೇಳಿದ. ಎರಡನೆಯದನ್ನು ಇಬ್ಬರೂ ಕೂಡಿ ಹೇಳಿದರು. ಮೂರನೆಯದಕ್ಕೆ, ನನ್ನ ಚಿತ್ತವಲ್ಲ ಎನ್ನುವಲ್ಲಿ, ಜಂಗ್ಲಿಸಾಬನ ಕೈ ಗಡಿಗೆಯ ಕಂಠವನ್ನು ಬಿಟ್ಟಿತು. ಅವನು ಮುಂದಕ್ಕೆ ಬಗ್ಗಿ ಹಣೆಯನ್ನು ನೆಲಕ್ಕೆ ಹಚ್ಚಿದ, ಹಚ್ಚಿದವನು ಹಾಗೇ ಇದ್ದು ಅತ್ತ. ಐದೂ ಮುಗಿದವು. ನಾಳೆನೂ ಬರ್ತೀಯೇನು ಎಂದು ನೆಲದಿಂದಲೇ ಕೇಳಿದ. ಬರ್ತೀನಿ ಎಂದ ಮುದಿಯಪ್ಪ. ನಾಡದ? ದಿನಾ ಬರ್ತೀನಿ, ಕೂಡೇ ಅನ್ನೂಣು.

ಲಾಲಬಿ ಒಳಗೆ ಬಂದು ಗಂಡನ ತೊಡೆಯ ಬಳಿಯಿಂದ ಗಡಿಗೆಯನ್ನು ಎತ್ತಿಕೊಂಡಳು. ಹೊರಗೆ ಚೆಲ್ಲಲು ಹೋಗುವಾಗ ಅದು ಮುದಿಯಪ್ಪನ ಮುಖದ ಪಕ್ಕದಲ್ಲೇ ಹಾದುಹೋಯಿತು. ಅರ್ಧ ತುಂಬಿತ್ತು, ಅಂಚಿನಲ್ಲಿ ನೊರೆ ಇತ್ತು. ಹುಳಿ ವಾಸನೆ ಮೂಗಿಗೆ ಬಂತು, ಬಾಯಿ ತುಂಬ ನೀರೂರಿತು, ಅವನ ಕೈ ತೊಡೆಯ ಮೇಲಿಂದ ಎದ್ದದ್ದನ್ನು ಅವನೇ ನೋಡಿದ. ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೂತ. ಬಿದ್ದವನು ನಾನು, ಏಳುವವನೂ ನಾನೇ, ಎಂದುಕೊಳ್ಳಲು ನೋಡಿದ. ಈಗಷ್ಟೇ ಲಿಂಗ ಮುಟ್ಟಿ ಗಾಳಿ ಎಂದಿದ್ದ ಮಾತು ಬಾಯಿಗೆ ಬರಲಿಲ್ಲ. ಅಂಗಳದಲ್ಲಿ ಲಾಲಬಿ ಗಡಿಗೆ ಬೋರಲು ಹಾಕಿದ್ದು ಕೇಳಿಸಿತು. ನಾನು ಬಲಹೀನನು, ಎಂದು ಮುದಿಯಪ್ಪ ಮತ್ತೊಮ್ಮೆ ಅಂದ. ಜಂಗ್ಲಿಸಾಬನಿಗೆ ಕೇಳಿಸಲೆಂದು ಅಂದದ್ದಲ್ಲ. ಜಂಗ್ಲಿಸಾಬ ಆಗಲೇ ನಿದ್ದೆ ಹೋಗಿದ್ದ.